ಹಗೇವು, ಹುಂಡಿ, ಇ.ಟಿ.ಎಫ್.: ಜಟಿಲ ಹೂಡಿಕೆಯ ಲಕ್ಷಣವನ್ನು ಕುರಿತು ಬೀದರ ಸೀಮೆಯ ಇತಿಹಾಸದ ಬೆಳಕಿನಲ್ಲಿ ಒಂದು ವಿವೇಚನೆ

ಹಣ ಹೂಡುವ ಪತ್ರಗಳಲ್ಲಿ ಯಾವುದು ಸರಳ, ಯಾವುದು ಜಟಿಲ ಎಂಬ ಪ್ರಶ್ನೆಯು ಈಚಿನ ಎರಡು ದಶಕಗಳಲ್ಲಿ ಹಲವು ದೇಶಗಳ ಶಾಸನಕರ್ತರನ್ನು ಕಾಡಿದೆ. ಯುರೋಪಿನ ಒಕ್ಕೂಟದಲ್ಲಿ 2007ರ ನವೆಂಬರ್ 1ರಿಂದ ಆಚರಣೆಗೆ ಬಂದ ನಿರ್ದೇಶನವೊಂದು, ಅದನ್ನು ಪರಿಷ್ಕರಿಸಿ 2018ರ ಜನವರಿ 3ರಿಂದ ಜಾರಿಗೊಳಿಸಿದ ಇನ್ನೊಂದು, ಹೂಡಿಕೆಯ ಸಾಧನಗಳನ್ನೆಲ್ಲ ಈ ಎರಡು ಪಂಕ್ತಿಗಳಲ್ಲಿ ಕೂರಿಸಿದವು. ಸರಳವೆನಿಸಿದುದನ್ನು ಗಿರಾಕಿಯು ತಾನಾಗಿ ಕೇಳಿದರೆ ದಲ್ಲಾಳಿಯು ಅವನ ತಿಳಿವಳಿಕೆಯನ್ನು ಪರೀಕ್ಷಿಸದೆಯೇ ಮಾರಬಹುದು. ಜಟಿಲವೆನಿಸಿದುದನ್ನು ಹಾಗೆ ಮಾರಲಾಗದು, ಅದು ಅವನಿಗೆ ತಕ್ಕುದೇ ಎಂದು ಮೊದಲು ವಿಚಾರಿಸಬೇಕು. ಷೇರುಪೇಟೆಯಲ್ಲಿ ದಿನವಿಡೀ ಕೊಂಡು ಮಾರಬಹುದಾದ ನಿಧಿ, ಎಂದರೆ ಇ.ಟಿ.ಎಫ್., ಈ ಎರಡರಲ್ಲಿ ಯಾವ ಪಂಕ್ತಿಗೆ ಸೇರಬೇಕು? ಈ ಲೇಖನದಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ ಇದು.

ಮುಂಬಯಿಯ ದಲಾಲರ ಬೀದಿಗೆ ತಕ್ಕ ಈ ಪ್ರಶ್ನೆಯನ್ನು ಬೀದರ, ಭಾಲ್ಕಿ, ಔರಾದಗಳ ಇತಿಹಾಸದೊಡನೆ ಏಕೆ ಹೊಸೆಯಬೇಕೆಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳುಂಟು. ಕಾಗದದ ಮೇಲಿನ ಭರವಸೆಯನ್ನು ನಂಬಿ ಹಣ ಕೊಡುವ ವ್ಯವಹಾರವು ಈ ಸೀಮೆಗೆ ಹೊಸದಲ್ಲ. ಆ ವ್ಯವಹಾರದಲ್ಲಿ ಸರಳತೆ ಎಲ್ಲಿ ಮುಗಿದು ಜಟಿಲತೆ ಎಲ್ಲಿ ಮೊದಲಾಗುತ್ತದೆಂಬುದನ್ನು ಇಲ್ಲಿಯ ಹಳೆಯ ಅನುಭವವು ಇಂದಿನ ಶಾಸನಗಳಿಗಿಂತ ಸ್ಪಷ್ಟವಾಗಿ ತೋರಿಸಬಲ್ಲುದು. ಎರಡನೆಯದಾಗಿ, ಷೇರುಪೇಟೆಯ ಮುಖವನ್ನೇ ನೋಡದ ಇಲ್ಲಿಯ ಸಾವಿರಾರು ಕೂಲಿಕಾರರ, ನೌಕರರ ಭವಿಷ್ಯನಿಧಿಯ ಒಂದು ಪಾಲು ಇಂದು ಇ.ಟಿ.ಎಫ್.ನಲ್ಲಿಯೇ ಇದೆ. ಈ ಸಂಗತಿಗೆ ಕೊನೆಯಲ್ಲಿ ಬರುತ್ತೇವೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಅಪಾಯ ಬೇರೆ, ಜಟಿಲತೆ ಬೇರೆ. ಭಾರತದಲ್ಲಿ ಸೆಬಿ ಸಂಸ್ಥೆಯು ಮ್ಯೂಚುವಲ್ ಫಂಡುಗಳ ಮೇಲೆ ಅಪಾಯಮಾಪಕವೆಂಬ ಚಿತ್ರವನ್ನು ಮುದ್ರಿಸಲು 2015ರಲ್ಲಿ ವಿಧಿಸಿತು. 2021ರ ಜನವರಿ 1ರಿಂದ ಅದರಲ್ಲಿ ಆರು ಮೆಟ್ಟಿಲುಗಳಿವೆ. ಐವತ್ತು ದೊಡ್ಡ ಕಂಪೆನಿಗಳ ಷೇರುಗಳನ್ನು ಹಿಡಿದಿರುವ ನಿಫ್ಟಿ ಇ.ಟಿ.ಎಫ್. ಆ ಮಾಪಕದಲ್ಲಿ ಅತ್ಯಧಿಕ ಅಪಾಯದ ಮೆಟ್ಟಿಲಿನಲ್ಲಿರುತ್ತದೆ. ಆದರೆ ಅದರ ರಚನೆಯನ್ನು ಪಿ.ಯು.ಸಿ. ವಿದ್ಯಾರ್ಥಿಗೂ ಕಾಲು ಗಂಟೆಯಲ್ಲಿ ತಿಳಿಸಬಹುದು. ಮಾಪಕವು ನಷ್ಟ ಎಷ್ಟಾದೀತೆಂಬುದನ್ನು ಹೇಳುತ್ತದೆ. ಆ ನಷ್ಟ ಯಾವ ದಾರಿಯಿಂದ ಬರುತ್ತದೆಂಬುದನ್ನು ಕೊಳ್ಳುವವನು ಮುಂಗಂಡಾನೇ ಎಂಬುದನ್ನು ಹೇಳುವುದಿಲ್ಲ. ಜಟಿಲತೆಯ ವಿಚಾರವೆಲ್ಲ ಈ ಎರಡನೆಯ ಪ್ರಶ್ನೆಗೆ ಸೇರಿದುದು.

ಇವೆರಡರ ಭೇದಕ್ಕೆ ಬೀದರಿನ ಇತಿಹಾಸದಲ್ಲಿ ಸೊಗಸಾದ ದೃಷ್ಟಾಂತವೊಂದಿದೆ. ಬಹಮನಿ ಸುಲ್ತಾನರ ರಾಜಧಾನಿಯಾಗಿ ಬೀದರವು ಮೆರೆಯುತ್ತಿದ್ದಾಗ, 1470ರ ಆಸುಪಾಸಿನಲ್ಲಿ, ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನನು ಕುದುರೆಯೊಂದನ್ನು ಮಾರಲೆಂದು ದಖನ್ನಿಗೆ ಬಂದನು. ಆ ಗಂಡು ಕುದುರೆಗೆ ತನಗೆ ನೂರು ರೂಬಲ್ ತಗುಲಿತೆಂದು ಅವನು ಬರೆದಿಟ್ಟಿದ್ದಾನೆ. ಜುನ್ನರಿನ ಅಧಿಕಾರಿಯು ಕುದುರೆಯನ್ನು ಕಸಿದುಕೊಂಡು, ಮತಾಂತರಗೊಂಡರೆ ಹಿಂದಿರುಗಿಸುವೆನೆಂದನು. ಖುರಾಸಾನದ ಗೃಹಸ್ಥನೊಬ್ಬನು ನಡುವೆ ಬಂದು ಬಿಡಿಸಿಕೊಟ್ಟನು. ಕೊನೆಗೆ ಬೀದರಿನಲ್ಲಿ ಅದು ಮಾರಾಟವಾಯಿತು. ಒಂದೇ ಪ್ರಾಣಿಯ ಮೇಲೆ ಬಂಡವಾಳವನ್ನು ತೊಡಗಿಸಿ ಕಡಲು ದಾಟುವುದಕ್ಕಿಂತ ಅಪಾಯಕರವಾದ ಹೂಡಿಕೆ ಯಾವುದಿದ್ದೀತು! ಆದರೂ ಅದರಲ್ಲಿ ಜಟಿಲವಾದುದು ಏನೂ ಇರಲಿಲ್ಲ. ಕುದುರೆ ಸತ್ತರೆ ನಷ್ಟ, ಉಳಿದರೆ ಲಾಭ. ನಿಕಿತಿನನನ್ನು ನಿಜವಾಗಿ ನೋಯಿಸಿದುದು ಬೇರೊಂದು. ರಷ್ಯಕ್ಕೆ ಬೇಕಾದ ಸರಕು ಇಲ್ಲಿ ಹೇರಳವೆಂದು ಜೊತೆಯ ವರ್ತಕರು ನಂಬಿಸಿದ್ದರು. ಬಂದು ನೋಡಿದರೆ ತನ್ನ ದೇಶಕ್ಕೆ ಒಯ್ಯತಕ್ಕದ್ದು ಏನೂ ಇಲ್ಲವೆಂದು ಅವನು ಕಟುವಾಗಿ ಬರೆದುಕೊಂಡಿದ್ದಾನೆ. ಕಣ್ಣಿಗೆ ಕಾಣುವ ಕುದುರೆಯಿಂದ ಅವನು ಮೋಸಹೋಗಲಿಲ್ಲ; ಕಿವಿಗೆ ಬಿದ್ದ ಮಾತಿನಿಂದ ಹೋದನು.

ಆ ಕಾಲದಲ್ಲಿ ರಾಜ್ಯದ ಪ್ರಧಾನನಾಗಿದ್ದ ಮಹಮೂದ್ ಗವಾನನೂ ಗೀಲಾನಿನಿಂದ ವ್ಯಾಪಾರಿಯಾಗಿಯೇ ಬೀದರಿಗೆ ಬಂದವನು. 1472ರಲ್ಲಿ ಅವನು ಕಟ್ಟಿಸಿದ ಮದರಸದ ಅವಶೇಷ ಇಂದಿಗೂ ನಿಂತಿದೆ. ಅವನ ಮುದ್ರೆಯಿದ್ದ ಬರಿಯ ಕಾಗದವೊಂದನ್ನು ಸಂಪಾದಿಸಿದ ಶತ್ರುಗಳು ಅದರಲ್ಲಿ ರಾಜದ್ರೋಹದ ಒಕ್ಕಣೆಯನ್ನು ತುಂಬಿ ಸುಲ್ತಾನನಿಗೆ ತೋರಿಸಿದರೆಂದೂ, ಅದರಿಂದ 1481ರ ಏಪ್ರಿಲಿನಲ್ಲಿ ಅವನ ತಲೆ ಹೋಯಿತೆಂದೂ ಇತಿಹಾಸಕಾರರು ಬರೆದಿದ್ದಾರೆ. ಮುದ್ರೆ ಸಾಚಾ, ಒಕ್ಕಣೆ ಸುಳ್ಳು. ಪತ್ರವ್ಯವಹಾರದ ಇತಿಹಾಸವನ್ನು ಬರೆಯುವವರು ಈ ಪ್ರಸಂಗವನ್ನು ಏಕೆ ಹೆಚ್ಚಾಗಿ ಉಪಯೋಗಿಸಿಕೊಂಡಿಲ್ಲವೆಂಬುದು ನಮಗೆ ಆಶ್ಚರ್ಯ.

ಇನ್ನು ಹುಂಡಿಯ ವಿಚಾರ. ಒಂದು ಊರಿನ ಸಾಹುಕಾರನು ಮತ್ತೊಂದು ಊರಿನ ತನ್ನ ಅಡತಿಯವನಿಗೆ 'ಇಂಥವರಿಗೆ ಇಷ್ಟು ಹಣ ಕೊಡತಕ್ಕದ್ದು' ಎಂದು ಬರೆದುಕೊಡುವ ಪತ್ರವೇ ಹುಂಡಿ. ರೊಕ್ಕದ ಥೈಲಿಯನ್ನು ಎತ್ತಿನ ಗಾಡಿಯಲ್ಲಿ ಒಯ್ಯುವ ಭಯವನ್ನು ಅದು ತಪ್ಪಿಸಿತು. ತೋರಿಸಿದ ಕೂಡಲೇ ಸಲ್ಲುವುದು ದರ್ಶನಿ ಹುಂಡಿ. ಗೊತ್ತಾದ ದಿನಗಳು ಕಳೆದ ಮೇಲೆ ಸಲ್ಲುವುದು ಮುದ್ದತಿ ಹುಂಡಿ. ಪೇಟೆಯಲ್ಲಿ ಮರ್ಯಾದೆಯುಳ್ಳ ಸಾಹುಕಾರನ ಮೂಲಕವೇ ಸಲ್ಲತಕ್ಕದ್ದು ಶಾಹಜೋಗ ಹುಂಡಿ. ಇವುಗಳ ಸಂಪ್ರದಾಯ ಎಷ್ಟು ಗಟ್ಟಿಯಾಗಿತ್ತೆಂದರೆ, 1881ರಲ್ಲಿ ಬ್ರಿಟಿಷ್ ಇಂಡಿಯದಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳ ಕಾಯ್ದೆಯಾದಾಗ, ದೇಶಭಾಷೆಗಳಲ್ಲಿ ಬರೆದ ಇಂತಹ ಪತ್ರಗಳ ಸ್ಥಳೀಯ ರೂಢಿಯನ್ನು ಅದು ಮುಟ್ಟದೆ ಬಿಟ್ಟಿತು.

ಈ ಮೂರೂ ಬಗೆಯವು ನಮ್ಮ ಅಭಿಪ್ರಾಯದಲ್ಲಿ ಸರಳ. ಎಷ್ಟು ಹಣ, ಯಾವಾಗ, ಯಾರಿಂದ ಎಂಬ ಮೂರು ಮಾತುಗಳಿಗೆ ಉತ್ತರವು ಪತ್ರದಲ್ಲಿಯೇ ಇದೆ. ಆದರೆ ನಾಲ್ಕನೆಯ ಬಗೆಯೊಂದಿತ್ತು, ಅದೇ ಜೋಖಮಿ ಹುಂಡಿ. ಸರಕು ಸುರಕ್ಷಿತವಾಗಿ ಮುಟ್ಟಿದರೆ ಮಾತ್ರ ಅದರ ಹಣ ಸಲ್ಲಬೇಕು. ಹಡಗು ಮುಳುಗಿದರೆ ಹುಂಡಿಯೂ ಮುಳುಗಿತು. ಸರಕಿನ ಒಡೆಯನಿಗೆ ಮುಂಗಡವಾಗಿ ಹಣ ಸಿಕ್ಕುತ್ತಿತ್ತು; ಹುಂಡಿಯನ್ನು ಕೊಂಡವನು ತಿಳಿದೋ ತಿಳಿಯದೆಯೋ ವಿಮೆಗಾರನೂ ಆಗುತ್ತಿದ್ದನು. ಇದು ಕಡಲ ಕರೆಯ ವ್ಯಾಪಾರದಲ್ಲಿ ಬೆಳೆದುದು. ಬೀದರದಂತಹ ಒಳನಾಡಿನ ಪೇಟೆಯಲ್ಲಿ ಇದು ಬಳಕೆಯಲ್ಲಿತ್ತೆಂದು ನಾವು ವಾದಿಸುವುದಿಲ್ಲ. ಆದರೆ ನಮ್ಮ ಪ್ರಶ್ನೆಗೆ ಇದೇ ಕೀಲಿಕೈ. ಹೆಸರು ಅದೇ, ಕಾಗದವೂ ಅದೇ. ಷರತ್ತು ಒಂದು ಸೇರಿದೊಡನೆ ವಸ್ತುವೇ ಬೇರೆಯಾಯಿತು. ಆದಕಾರಣ 'ಹುಂಡಿಯು ಜಟಿಲವೇ?' ಎಂದು ಒಟ್ಟಾಗಿ ಕೇಳುವುದಕ್ಕೆ ಅರ್ಥವಿಲ್ಲ; 'ಈ ಹುಂಡಿ ಯಾವ ಷರತ್ತಿನ ಮೇಲೆ ಸಲ್ಲುತ್ತದೆ?' ಎಂದು ಕೇಳಬೇಕು. ಇ.ಟಿ.ಎಫ್.ನ ವಿಷಯದಲ್ಲಿಯೂ ಇದೇ ಕ್ರಮ ಸರಿಯೆಂದು ಮುಂದೆ ತೋರಿಸುತ್ತೇವೆ.

ಇ.ಟಿ.ಎಫ್.ನ ಸ್ವರೂಪವನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಲು ಹಗೇವಿಗಿಂತ ಒಳ್ಳೆಯ ಹೋಲಿಕೆ ನಮಗೆ ತೋರಿಲ್ಲ. ಉತ್ತರ ಕರ್ನಾಟಕದ ಜೋಳದ ಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ ಕಾಳು ತುಂಬಿಡುತ್ತಿದ್ದುದನ್ನು ಹಿರಿಯರು ಬಲ್ಲರು. ಹತ್ತು ಮಂದಿ ಸೇರಿ ಒಂದೇ ಹಗೇವಿನಲ್ಲಿ ಜೋಳ ಹಾಕಿ, ಒಬ್ಬೊಬ್ಬರೂ ತಮ್ಮ ಪಾಲಿಗೆ ಚೀಟಿ ಪಡೆದರೆಂದು ಭಾವಿಸೋಣ. ಕಾಳನ್ನು ತೆಗೆಯದೆಯೇ ಆ ಚೀಟಿಯನ್ನು ಸಂತೆಯಲ್ಲಿ ಮಾರಬಹುದಾದರೆ ಅದೇ ಇ.ಟಿ.ಎಫ್.ನ ಯೂನಿಟ್ಟು. ಹಗೇವಿನಲ್ಲಿ ಜೋಳದ ಬದಲು ಷೇರುಗಳೋ, ಚಿನ್ನದ ಗಟ್ಟಿಗಳೋ, ಸರ್ಕಾರಿ ಕಂಪೆನಿಗಳ ಸಾಲಪತ್ರಗಳೋ ಇರುತ್ತವೆ. ಹಗೇವಿನ ಕಾವಲು ನಿಧಿಯನ್ನು ನಡೆಸುವವನ ಕೈಯಲ್ಲಿರದೆ ಬೇರೊಬ್ಬ ಪಾಲಕನ ಕೈಯಲ್ಲಿರುತ್ತದೆ. ಗವಾನನ ಮುದ್ರೆಯ ಕಥೆಯನ್ನು ನೆನೆದರೆ ಈ ಏರ್ಪಾಟಿನ ಬೆಲೆ ಗೊತ್ತಾಗುತ್ತದೆ.

ಇಂತಹ ನಿಧಿಯು ಮೊದಲು 1990ರಲ್ಲಿ ಕೆನಡದ ಟೊರಾಂಟೊ ಪೇಟೆಯಲ್ಲಿ, ಬಳಿಕ 1993ರ ಜನವರಿಯಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. ಭಾರತದ ಮೊದಲನೆಯದಾದ ನಿಫ್ಟಿ ಬೀಸ್ 2001ರ ಕೊನೆಯಲ್ಲಿ ಹುಟ್ಟಿ 2002ರ ಜನವರಿಯಲ್ಲಿ ರಾಷ್ಟ್ರೀಯ ಷೇರುಪೇಟೆಯ ಪಟ್ಟಿಗೆ ಸೇರಿತು. ಚಿನ್ನದ ನಿಧಿ 2007ರಲ್ಲಿ, ಸಾರ್ವಜನಿಕ ಉದ್ಯಮಗಳ ಷೇರುಗಳ ನಿಧಿ 2014ರಲ್ಲಿ, ಭಾರತ್ ಬಾಂಡ್ ನಿಧಿ 2019ರಲ್ಲಿ ಬಂದವು. ನಿಫ್ಟಿ ಬೀಸನ್ನು ಹೊರತಂದ ಬೆಂಚ್‌ಮಾರ್ಕ್ ಸಂಸ್ಥೆಯ ವಹಿವಾಟು ಮುಂದೆ ಗೋಲ್ಡ್‌ಮನ್ ಸ್ಯಾಕ್ಸಿಗೆ, ಅಲ್ಲಿಂದ ರಿಲಯನ್ಸಿಗೆ, ಕಡೆಗೆ ನಿಪ್ಪಾನಿಗೆ ಹೋಯಿತು. ಒಡೆತನ ಮೂರು ಬಾರಿ ಬದಲಾದರೂ ಯೂನಿಟ್ಟು ಹಿಡಿದವನ ಹಗೇವಿನಲ್ಲಿದ್ದ ಕಾಳು ಕದಲಲಿಲ್ಲ.

ಇಲ್ಲಿಯವರೆಗೆ ಎಲ್ಲವೂ ಸರಳವೇ. ತೊಡಕು ಬರುವುದು ಚೀಟಿಯ ಬೆಲೆಗೂ ಕಾಳಿನ ಬೆಲೆಗೂ ನಡುವೆ. ಈ ಅಂಶವನ್ನು ಪಠ್ಯಪುಸ್ತಕಗಳು ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದರಿಂದ, ಮತ್ತು ಇದಕ್ಕೆ ನೇರವಾಗಿ ಹೋಲುವ ಸಂಗತಿಯೊಂದು ಈ ಜಿಲ್ಲೆಯ ಅಜ್ಜಂದಿರ ಅನುಭವದಲ್ಲಿ ಇದ್ದುದರಿಂದ, ಇದನ್ನು ವಿಸ್ತಾರವಾಗಿ ನೋಡುವುದು ಉಚಿತ.

ಬೀದರವು 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದುದು ಎಲ್ಲರಿಗೂ ತಿಳಿದುದೇ. ಆ ರಾಜ್ಯಕ್ಕೆ ತನ್ನದೇ ನಾಣ್ಯವಿದ್ದಿತು. ಜನರು ಅದನ್ನು ಹಾಲಿ ಸಿಕ್ಕಾ ಎಂದೂ, ಬ್ರಿಟಿಷ್ ಇಂಡಿಯದ ರೂಪಾಯಿಯನ್ನು ಕಲ್ದಾರ್ ಎಂದೂ ಕರೆಯುತ್ತಿದ್ದರು. ಎರಡೂ ಬೆಳ್ಳಿಯ ರೂಪಾಯಿಗಳೇ ಆದರೂ ಒಂದಕ್ಕೊಂದು ಸಮವಲ್ಲ. ಕಲ್ದಾರನ್ನು ಕೊಳ್ಳುವಾಗ ವಟ್ಟ ತೆರಬೇಕು. ಹತ್ತೊಂಬತ್ತನೆಯ ಶತಮಾನದ ಕೈಯಚ್ಚಿನ ನಾಣ್ಯಗಳ ಕಾಲದಲ್ಲಿ ಈ ವಟ್ಟವು ಏರುತ್ತ ಇಳಿಯುತ್ತ ಸರಾಫರಿಗೆ ಸುಗ್ಗಿಯಾಗಿತ್ತು. 1904ರ ಸುಮಾರಿಗೆ ಚಾರ್ಮಿನಾರಿನ ಚಿತ್ರವುಳ್ಳ ಯಂತ್ರದ ನಾಣ್ಯ ಬಂದು, ಸರ್ಕಾರವು ವಿನಿಮಯ ದರವನ್ನು ಹಿಡಿತಕ್ಕೆ ತಂದ ಮೇಲೆ ಏರಿಳಿತ ತಗ್ಗಿತು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್, ಎಂದರೆ ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಎಂಬ ಲೆಕ್ಕವನ್ನು ಆ ಕಾಲದ ಶಾಲೆಯ ಹುಡುಗರೂ ಬಾಯಿಪಾಠ ಮಾಡಬೇಕಾಗಿದ್ದಿತು. ವಿಲೀನದ ಬಳಿಕವೂ ಇದೇ ದರದಲ್ಲಿ ಹಳೆಯ ನಾಣ್ಯವನ್ನು ಹಿಂದಕ್ಕೆ ಪಡೆಯಲಾಯಿತು. 1959ರಲ್ಲಿ ಅದರ ಚಲಾವಣೆಯು ಕಾನೂನಿನ ಪ್ರಕಾರ ಪೂರ್ತಿ ನಿಂತಿತು.

ದರವು ಸ್ಥಿರವಾಗಿ ನಿಂತದ್ದು ಹೇಗೆ? ನಾಣ್ಯದೊಳಗಿನ ಬೆಳ್ಳಿಯೊಂದರಿಂದಲೇ ಅಲ್ಲ. ಗೊತ್ತಾದ ದರದಲ್ಲಿ ಎರಡೂ ಕಡೆಗೆ ಬದಲಾಯಿಸಿಕೊಡುವ ಕಿಟಕಿಯೊಂದು ತೆರೆದಿರುವವರೆಗೆ ಪೇಟೆಯ ವಟ್ಟವು ಆ ದರದಿಂದ ಬಹಳ ದೂರ ಹೋಗಲಾರದು. ಹೋದರೆ ಚತುರನಾದ ಸರಾಫನು ಅಗ್ಗದ ಕಡೆ ಕೊಂಡು ಕಿಟಕಿಯಲ್ಲಿ ಬದಲಾಯಿಸಿ ಲಾಭ ಹೊಡೆಯುತ್ತಾನೆ. ಅವನ ಲಾಭದಾಸೆಯೇ ಅಂತರವನ್ನು ಮುಚ್ಚುತ್ತದೆ. ಕಿಟಕಿ ಮುಚ್ಚಿದ ದಿನ ಅಂತರವು ಮನಬಂದಂತೆ ಬೆಳೆಯುತ್ತದೆ.

ಇ.ಟಿ.ಎಫ್.ನ ಬೆಲೆಯನ್ನು ಕಾಯುವುದೂ ಇದೇ ಯಂತ್ರ. ಒಂದು ಯೂನಿಟ್ಟಿನ ಹಿಂದಿರುವ ಷೇರುಗಳ ನಿವ್ವಳ ಮೌಲ್ಯ 100 ರೂಪಾಯಿಯಾಗಿದ್ದು ಪೇಟೆಯಲ್ಲಿ ಅದು 103ಕ್ಕೆ ಮಾರುತ್ತಿದೆಯೆನ್ನೋಣ. ನಿಧಿಯು ಗೊತ್ತುಮಾಡಿದ ದೊಡ್ಡ ವರ್ತಕನು 100 ರೂಪಾಯಿಯ ಷೇರುಗಳನ್ನು ಕೊಟ್ಟು ನಿಧಿಯಿಂದ ಹೊಸ ಯೂನಿಟ್ಟು ಪಡೆದು 103ಕ್ಕೆ ಮಾರುತ್ತಾನೆ. ಇಂತಹವರು ನಾಲ್ಕು ಮಂದಿ ಸೇರಿದರೆ ಬೆಲೆ ಇಳಿದು 100ರ ನೆರೆಗೆ ಬರುತ್ತದೆ. ಬೆಲೆ ಮೌಲ್ಯಕ್ಕಿಂತ ಕೆಳಗಿಳಿದರೆ ಇದೇ ಆಟ ತಿರುವುಮುರುವಾಗಿ ನಡೆಯುತ್ತದೆ. ನಿಫ್ಟಿಯಂತಹ ಹೆಸರಾಂತ ಸೂಚ್ಯಂಕದ ನಿಧಿಯಲ್ಲಿ ಈ ಕಿಟಕಿ ಹಗಲೆಲ್ಲ ತೆರೆದಿರುತ್ತದೆ. ಆದರೆ ಅದು ಮುಚ್ಚಿದ ಸಂದರ್ಭಗಳೂ ಉಂಟು. ವಿದೇಶದ ಇ.ಟಿ.ಎಫ್.ಗಳಲ್ಲಿ ಭಾರತದ ಮ್ಯೂಚುವಲ್ ಫಂಡುಗಳೆಲ್ಲ ಸೇರಿ ಹೂಡಬಹುದಾದ ಹಣಕ್ಕೆ ನೂರು ಕೋಟಿ ಡಾಲರಿನ ಮಿತಿಯಿದ್ದು, ಅದು ತುಂಬುತ್ತ ಬಂದುದರಿಂದ ಅಂತಹ ಯೋಜನೆಗಳು 2024ರ ಏಪ್ರಿಲ್ 1ರಿಂದ ಹೊಸ ಹಣ ಪಡೆಯುವುದನ್ನು ನಿಲ್ಲಿಸಬೇಕಾಯಿತು. ಹೊರದೇಶದ ಷೇರುಗಳ ನಿಧಿಗಳು ಪೇಟೆಯಲ್ಲಿ ತಮ್ಮ ಮೌಲ್ಯಕ್ಕಿಂತ ಮೇಲಿನ ಬೆಲೆಗೆ ಮಾರಾಟವಾದುದಕ್ಕೆ ಇಂತಹ ಮಿತಿಗಳೇ ಕಾರಣ.

ಬೀದರಿಗೆ ಇನ್ನೂ ಹತ್ತಿರವಾದ ಉದಾಹರಣೆ ಬೆಳ್ಳಿಯದು. ಸತು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ತಂತಿಯನ್ನೂ ತಗಡನ್ನೂ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದ್ರಿ ಕೆಲಸಗಾರನಿಗೆ ಬೆಳ್ಳಿಯ ಬೆಲೆ ಅಂದಂದಿನ ಅನ್ನದ ಪ್ರಶ್ನೆ. ಸೆಬಿಯು 2021ರ ನವೆಂಬರಿನಲ್ಲಿ ಬೆಳ್ಳಿಯ ಇ.ಟಿ.ಎಫ್.ಗೆ ಅನುಮತಿಯಿತ್ತಿತು; ನಿಧಿಯು 99.9 ಶುದ್ಧತೆಯ 30 ಕಿಲೋ ಗಟ್ಟಿಗಳನ್ನು ಹಿಡಿದಿರಬೇಕೆಂಬುದು ನಿಯಮ. ಮುಂದಿನ ವರ್ಷದ ಕೆಲಸಕ್ಕೆ ಬೇಕಾದ ಬೆಳ್ಳಿಯ ಬೆಲೆ ಏರೀತೆಂದು ಹೆದರುವ ಕುಶಲಕರ್ಮಿಗೆ, ಇಂದೇ ಕೆಲವು ಯೂನಿಟ್ಟು ಕೊಂಡಿಡುವುದು ತಾತ್ವಿಕವಾಗಿ ಯೋಗ್ಯವಾದ ಉಪಾಯವೇ ಸರಿ. ಕಳ್ಳರ ಭಯವಿಲ್ಲ, ಮಜೂರಿಯ ಕಡಿತವಿಲ್ಲ. ಆದರೆ 2025ರ ಅಕ್ಟೋಬರಿನಲ್ಲಿ ಏನಾಯಿತು? ಜಗತ್ತಿನ ಪೇಟೆಯಲ್ಲಿ ಬೆಳ್ಳಿಯು 1980ರ ಜನವರಿಯ ಹಳೆಯ ಎತ್ತರವನ್ನು ದಾಟಿತು. ದೇಶದೊಳಗೆ ಗಟ್ಟಿ ಬೆಳ್ಳಿಗೆ ಕೊರತೆಯಾಯಿತು. ಗಟ್ಟಿ ಸಿಗದೆ ಹೊಸ ಯೂನಿಟ್ಟು ಸೃಷ್ಟಿಸುವುದು ಕಷ್ಟವಾಗಿ, ಯೂನಿಟ್ಟುಗಳು ಮೌಲ್ಯಕ್ಕಿಂತ ಬಹಳ ಮೇಲೆ ಮಾರಾಟವಾದವು. ಹಲವು ಸಂಸ್ಥೆಗಳು ತಮ್ಮ ಬೆಳ್ಳಿ ಇ.ಟಿ.ಎಫ್.ಗಳಲ್ಲಿ ಹೂಡುವ ನಿಧಿಗಳಿಗೆ ಒಟ್ಟು ಮೊತ್ತದ ಹೊಸ ಹಣ ಬೇಡವೆಂದು ತಾತ್ಕಾಲಿಕವಾಗಿ ಬಾಗಿಲು ಹಾಕಿದವು. 100 ರೂಪಾಯಿಯ ಬೆಳ್ಳಿಗೆ 110 ತೆತ್ತವನು, ಬೆಳ್ಳಿಯ ಬೆಲೆ ಒಂದು ಪೈಯಷ್ಟೂ ಇಳಿಯದಿದ್ದರೂ, ಕೊರತೆ ನೀಗಿದ ದಿನ ನೂರಕ್ಕೆ ಒಂಬತ್ತರಷ್ಟು ಕಳೆದುಕೊಳ್ಳುತ್ತಾನೆ. ಈ ನಷ್ಟದ ದಾರಿಯನ್ನು ಬಿದ್ರಿ ಕೆಲಸಗಾರನು ಮುಂಗಾಣಬಲ್ಲನೇ? ಹಾಲಿ ಸಿಕ್ಕಾದ ವಟ್ಟವನ್ನು ಕಂಡಿದ್ದ ಅವನ ಅಜ್ಜನು ಪ್ರಾಯಶಃ ಬೇಗ ಗ್ರಹಿಸುತ್ತಿದ್ದನು.

ಈಗ ಯುರೋಪಿನ ಪರೀಕ್ಷೆಗಳನ್ನು ಒಂದೊಂದಾಗಿ ಹಚ್ಚಿ ನೋಡಬಹುದು. ಅಲ್ಲಿಯ ನಿಯಮದಂತೆ, ಸಾರ್ವಜನಿಕ ಹೂಡಿಕೆಗೆಂದು ಕ್ರಮಬದ್ಧವಾಗಿ ಏರ್ಪಟ್ಟ ನಿಧಿಯು ಸಾಮಾನ್ಯವಾಗಿ ಸರಳದ ಪಂಕ್ತಿಗೇ ಸೇರುತ್ತದೆ. ಮುಂಚೆಯೇ ಗೊತ್ತುಪಡಿಸಿದ ದಿನದಂದು ಸೂತ್ರವೊಂದರ ಪ್ರಕಾರ ಹಣ ಸಲ್ಲಿಸುವ ರಚಿತ ನಿಧಿಗಳನ್ನು ಮಾತ್ರ ಹೊರಗಿಟ್ಟಿದ್ದಾರೆ. ಇಲ್ಲಿ ನಮಗೆ ಜೋಖಮಿ ಹುಂಡಿಯ ನೆನಪಾಗದೆ ಇರದು. ಮಿಕ್ಕ ಸಾಧನಗಳಿಗೆ ಕೇಳುವ ಪ್ರಶ್ನೆಗಳು ಸಾರಾಂಶದಲ್ಲಿ ಇಂತಿವೆ: ಬಹಿರಂಗವಾದ ಬೆಲೆಗೆ ಆಗಾಗ ಮಾರಿ ಹೊರಬರಬಹುದೇ, ಹಾಕಿದ್ದಕ್ಕಿಂತ ಹೆಚ್ಚು ಕಳೆದುಕೊಳ್ಳುವ ಹೊಣೆಯುಂಟೇ, ವಸ್ತುವಿನ ಸ್ವರೂಪವನ್ನೇ ಬದಲಾಯಿಸುವ ಷರತ್ತು ಅಡಗಿದೆಯೇ, ಸಾಮಾನ್ಯ ಗಿರಾಕಿಗೆ ತಿಳಿಯುವಂತಹ ವಿವರ ಸಾಕಷ್ಟು ದೊರೆಯುತ್ತದೆಯೇ.

ಮೊದಲ ಮೂರನ್ನು ಭಾರತದ ಸಾದಾ ಇ.ಟಿ.ಎಫ್. ತಕ್ಕಮಟ್ಟಿಗೆ ಗೆಲ್ಲುತ್ತದೆ, ಕಿರಿಯ ನಿಧಿಗಳಲ್ಲಿ ಕೊಳ್ಳುವವರು ವಿರಳವಾಗಿರುವುದೊಂದೇ ಕುಂದು. ಹಾಕಿದ್ದಕ್ಕಿಂತ ಹೆಚ್ಚಿನ ನಷ್ಟ ಇಲ್ಲಿ ಅಸಾಧ್ಯ. ಅದು ಹೇಗಿರುತ್ತದೆಂದು ನೋಡಬಯಸುವವರು 2020ರ ಏಪ್ರಿಲಿನ ಕಚ್ಚಾತೈಲದ ವಾಯದ ವ್ಯವಹಾರವನ್ನು ನೋಡಬೇಕು. ಮುಂಬಯಿಯ ಸರಕು ವಿನಿಮಯ ಕೇಂದ್ರದಲ್ಲಿ ಆ ತಿಂಗಳ ಕರಾರು ಪೀಪಾಯಿಗೆ ಸೊನ್ನೆಗಿಂತ 2,884 ರೂಪಾಯಿ ಕೆಳಗೆ ಇತ್ಯರ್ಥವಾಯಿತು. ಕೊಂಡವನು ಸರಕನ್ನೂ ಕಳೆದುಕೊಂಡು ಮೇಲೆ ಹಣವನ್ನೂ ತೆರಬೇಕಾಯಿತು. ವಾಯದ ವ್ಯಾಪಾರದ ಜಟಿಲತೆಯನ್ನು ಕುರಿತು ಬೀದರ ಜಿಲ್ಲೆಯ ರೈತರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ತೊಗರಿ, ಉದ್ದುಗಳ ವಾಯದವನ್ನು ಸರ್ಕಾರವು 2007ರ ಜನವರಿಯಲ್ಲಿ ನಿಲ್ಲಿಸಿತು. ಹೆಸರು, ಸೋಯಾ ಮುಂತಾದ ಏಳು ಸರಕುಗಳದನ್ನು ಸೆಬಿಯು 2021ರ ಡಿಸೆಂಬರಿನಲ್ಲಿ ತಡೆಹಿಡಿದು, ಆ ತಡೆಯನ್ನು ಮತ್ತೆ ಮತ್ತೆ ವಿಸ್ತರಿಸಿತು. ಈ ನಾಲ್ಕೂ ಭಾಲ್ಕಿ, ಔರಾದಗಳ ಹೊಲಗಳಲ್ಲಿ ಬೆಳೆಯುವಂಥವು. ಷೇರುಗಳ ವಾಯದ ಮತ್ತು ಆಯ್ಕೆಯ ವ್ಯವಹಾರದಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ 2022ರಿಂದ 2024ರವರೆಗಿನ ಮೂರು ಹಣಕಾಸಿನ ವರ್ಷಗಳಲ್ಲಿ ನಷ್ಟ ಹೊಂದಿದರೆಂದು ಸೆಬಿಯೇ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದೆ. ಇ.ಟಿ.ಎಫ್.ನ್ನು ಈ ಸಾಲಿನಲ್ಲಿ ಕೂರಿಸುವುದು ಅನ್ಯಾಯ.

ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಎಲ್ಲವೂ ಒಂದೇ ಎಂದು ತಿಳಿಯಬಾರದು. ಹೊರದೇಶಗಳಲ್ಲಿ ಸೂಚ್ಯಂಕದ ದಿನದಿನದ ಏರಿಳಿತವನ್ನು ಎರಡು ಪಟ್ಟು ಮಾಡಿ ಕೊಡುವ ನಿಧಿಗಳಿವೆ. ಸೂಚ್ಯಂಕವು 100ರಿಂದ ಮೊದಲ ದಿನ ನೂರಕ್ಕೆ ಹತ್ತು ಏರಿ 110 ಆಗಿ, ಮರುದಿನ ನೂರಕ್ಕೆ ಹತ್ತು ಇಳಿದು 99 ಆದರೆ ನಷ್ಟ ಒಂದು ರೂಪಾಯಿ. ಎರಡು ಪಟ್ಟಿನ ನಿಧಿ 120 ಆಗಿ, ಅಲ್ಲಿಂದ ನೂರಕ್ಕೆ ಇಪ್ಪತ್ತು ಇಳಿದು 96 ಆಗುತ್ತದೆ; ನಷ್ಟ ಎರಡಲ್ಲ, ನಾಲ್ಕು. ದಿನಗಳೆದಂತೆ ಈ ಸೋರಿಕೆ ಬೆಳೆಯುತ್ತದೆ. ಭಾರತದ ಮ್ಯೂಚುವಲ್ ಫಂಡಿನ ನಿಯಮಗಳಲ್ಲಿ ಇಂತಹವಕ್ಕೆ ಎಡೆಯಿಲ್ಲದಿರುವುದು ಒಳ್ಳೆಯದೇ. ಪೇಟೆಯ ತಳಮಳದ ಸೂಚ್ಯಂಕಕ್ಕೆ ವಿರುದ್ಧವಾಗಿ ಪಣ ಕಟ್ಟಿದ್ದ ಅಮೆರಿಕದ ಪತ್ರವೊಂದು 2018ರ ಫೆಬ್ರವರಿ 5ರಂದು ಒಂದೇ ದಿನದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬೆಲೆ ಕಳೆದುಕೊಂಡಿತು. ಅದು ನಿಜವಾಗಿ ನಿಧಿಯೇ ಅಲ್ಲ, ಬ್ಯಾಂಕೊಂದು ಬರೆದುಕೊಟ್ಟ ಸಾಲಪತ್ರ, ಹಗೇವಿಲ್ಲದ ಚೀಟಿ. ಕೊಂಡವರಲ್ಲಿ ಅನೇಕರಿಗೆ ಈ ಭೇದ ತಿಳಿದಿರಲಿಲ್ಲವೆಂದು ಊಹಿಸಬಹುದು. ಹೆಸರಿನ ಮಾಯೆಗೆ ಹಾಂಕಾಂಗಿನಲ್ಲಿ ಸಾವಿರಾರು ಸಾಮಾನ್ಯರು ಕೊಂಡಿದ್ದ ಲೇಮನ್ ಮಿನಿಬಾಂಡುಗಳೂ ಸಾಕ್ಷಿ. 2008ರಲ್ಲಿ ಆ ಸಂಸ್ಥೆ ದಿವಾಳಿಯಾದಾಗ 'ಕಿರುಬಾಂಡು' ಎಂಬ ಮುದ್ದು ಹೆಸರಿನ ಒಳಗೆ ಏನಿತ್ತೆಂಬುದು ಬೆಳಕಿಗೆ ಬಂತು.

ಉಳಿದುದು ಕೊನೆಯ ಪರೀಕ್ಷೆ. ಸಾಮಾನ್ಯ ಗಿರಾಕಿಗೆ ತಿಳಿಯುವ ವಿವರ ದೊರೆಯುತ್ತದೆಯೇ? ಈ ಸಾಮಾನ್ಯನು ಯಾರು, ಅವನು ಯಾವ ಭಾಷೆಯಲ್ಲಿ ಓದುತ್ತಾನೆ ಎಂಬುದನ್ನು ಯುರೋಪಿನ ನಿಯಮವು ಆಳವಾಗಿ ವಿಚಾರಿಸಿದಂತೆ ಕಾಣದು. ಬೀದರ ಜಿಲ್ಲೆಯವರು ಅದನ್ನು ವಿಚಾರಿಸದೆ ಇರಲಾರರು. ನಿಜಾಮನ ಕಾಲದಲ್ಲಿ ಕಚೇರಿ ನ್ಯಾಯಾಲಯಗಳ ಭಾಷೆ ಉರ್ದು, ಸಾಹುಕಾರರ ಖಾತೆ ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿ, ತಿಥಿಯ ಲೆಕ್ಕ ಫಸಲಿ ಸಂವತ್ಸರದ್ದು, ರೈತನ ಮಾತು ಕನ್ನಡ ಅಥವಾ ಮರಾಠಿ ಅಥವಾ ತೆಲುಗು. ಬಡ್ಡಿಯ ದರ, ಮುದ್ದತು, ಒತ್ತೆಯ ಹೊಲ ಎಂಬ ಮೂರೇ ಅಂಶಗಳ ಸಾಲಪತ್ರಕ್ಕಿಂತ ಸರಳವಾದುದು ಇನ್ನೇನಿದೆ? ಆದರೂ ಹೆಬ್ಬೆಟ್ಟು ಒತ್ತಿದವನಿಗೆ ಅದರ ಒಂದಕ್ಷರವೂ ಓದಲು ಬಾರದಿದ್ದರೆ ಅದು ಜಟಿಲದಲ್ಲಿ ಜಟಿಲ. 1956ರ ನವೆಂಬರ್ 1ರಂದು ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೆ ಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಸೇರಿದವು. ಔರಾದದ ರೈತನಿಗೆ ಉದಗೀರದ ಪೇಟೆಯ ನಂಟು ಅದರಿಂದ ಹರಿಯಲಿಲ್ಲ. ಭಾಷೆಗಳ ಹೆಣಿಗೆಯೂ ಬಿಡಿಸಿಕೊಳ್ಳಲಿಲ್ಲ. ಇಂದು ನಿಧಿಯ ಯೋಜನಾಪತ್ರವು ಹತ್ತಾರು ಪುಟಗಳ ಇಂಗ್ಲಿಷಿನಲ್ಲಿ ಬರುತ್ತದೆ. ನಿವ್ವಳ ಮೌಲ್ಯಕ್ಕೂ ಪೇಟೆಯ ಬೆಲೆಗೂ ಅಂತರ ಬೀಳಬಹುದೆಂಬ ಎಚ್ಚರಿಕೆ ಅದರಲ್ಲಿ ಇದ್ದೇ ಇರುತ್ತದೆ. ಉರ್ದು ಸಾಲಪತ್ರದಲ್ಲಿ ಬಡ್ಡಿಯ ದರವಿದ್ದಂತೆ. ನಮ್ಮ ಅಭಿಪ್ರಾಯದಲ್ಲಿ, ಲಂಡನ್ನಿನಲ್ಲಿ ಸರಳವೆನಿಸುವ ಅದೇ ಯೂನಿಟ್ಟು, ತಿಳಿಯುವ ನುಡಿಯಲ್ಲಿ ವಿವರವಿಲ್ಲದ ಕಡೆ ಈ ನಾಲ್ಕನೆಯ ಪರೀಕ್ಷೆಯಲ್ಲಿ ಸೋಲುತ್ತದೆ. ವಸ್ತುವಿನ ದೋಷದಿಂದಲ್ಲ, ಮಾರುವವರ ಅಲಕ್ಷ್ಯದಿಂದ.

ಇದಕ್ಕೆ ಎದುರಾಗಿ ಒಂದು ಆಕ್ಷೇಪವನ್ನು ಎತ್ತಬಹುದು. ಜನರು ಅರ್ಥವಾಗದ್ದನ್ನು ತಾವಾಗಿಯೇ ದೂರವಿಡುತ್ತಾರೆ, ಚೀಟಿ, ಸಹಕಾರ ಸಂಘ, ಬಂಗಾರಗಳಂತಹ ಸರಳವಾದುದನ್ನೇ ಆರಿಸುತ್ತಾರೆಂದು. ಇದನ್ನು ಒಪ್ಪುವುದು ಕಷ್ಟ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯಿದೆ. ಇಂತಹ ಸಹಕಾರಿ ಕಾರ್ಖಾನೆಯ ಷೇರನ್ನು ಯುರೋಪಿನ ಪರೀಕ್ಷೆಗೆ ಒಡ್ಡಿದರೆ ಏನಾಗುತ್ತದೆ ನೋಡಿ. ಅದಕ್ಕೆ ಪೇಟೆಯ ಬೆಲೆಯಿಲ್ಲ, ಬೇಕೆಂದಾಗ ಮಾರಲಾಗದು, ಕಾರ್ಖಾನೆ ಎಷ್ಟು ಬೆಳೆದರೂ ಮುಖಬೆಲೆಯೇ ಆಧಾರ, ಎಷ್ಟು ಷೇರಿದ್ದರೂ ಮತ ಒಂದೇ, ಕಬ್ಬು ಹಾಕುವ ಹಕ್ಕು ಬಾಧ್ಯತೆಗಳು ಅದರೊಡನೆ ಹೆಣೆದುಕೊಂಡಿವೆ. ರಚನೆಯ ದೃಷ್ಟಿಯಿಂದ ಇದು ನಿಫ್ಟಿ ಇ.ಟಿ.ಎಫ್.ಗಿಂತ ಎಷ್ಟೋ ಜಟಿಲ. ಹಾಗೆಯೇ ಚೀಟಿ, ಕೆಲವೆಡೆ ಭಿಶಿಯೆನ್ನುವುದು. ಹರಾಜು ಕೂಗಿದವನ ಗರಜು ಮಿಕ್ಕವರ ಲಾಭಾಂಶವನ್ನು ನಿರ್ಣಯಿಸುತ್ತದೆ, ಒಬ್ಬನು ಕಂತು ತಪ್ಪಿಸಿದರೆ ಎಲ್ಲರ ಲೆಕ್ಕ ಕೆಡುತ್ತದೆ. ಅದಕ್ಕಾಗಿಯೇ 1982ರ ಕಾಯ್ದೆ ಬೇಕಾಯಿತು. ರೈತನು ಇವನ್ನು ಸರಳವೆನ್ನುವುದು ಕಾರ್ಖಾನೆಯ ಹೊಗೆಗೊಳವೆ ಅವನ ಹೊಲಕ್ಕೆ ಕಾಣುವುದರಿಂದ, ಚೀಟಿ ನಡೆಸುವವನು ಓಣಿಯವನಾದುದರಿಂದ. ಪರಿಚಯವನ್ನೇ ಸರಳತೆಯೆಂದು ಎಣಿಸುವುದು ಮನುಷ್ಯಸಹಜ. ನಿಕಿತಿನನೂ ಜೊತೆಯ ವರ್ತಕರ ಮಾತನ್ನು ಹೀಗೆಯೇ ನಂಬಿದ್ದನು.

ಹೀಗಿರಲು, ಸೂಚ್ಯಂಕದ ಷೇರುಗಳನ್ನೋ ಗಟ್ಟಿ ಲೋಹವನ್ನೋ ನೇರವಾಗಿ ಹಿಡಿದ ಇ.ಟಿ.ಎಫ್. ರಚನೆಯಿಂದ ಸರಳ, ಸೂತ್ರ, ಸಾಲ, ಪಣಗಳ ಷರತ್ತು ಸೇರಿದುದು ಜಟಿಲ, ಮೊದಲ ಬಗೆಯದರಲ್ಲಿಯೂ ಕಿಟಕಿ ಮುಚ್ಚಿದ ದಿನಗಳಲ್ಲಿ ಒಂದು ಬಗೆಯ ತಾತ್ಕಾಲಿಕ ಜಟಿಲತೆ ತಲೆದೋರುತ್ತದೆ ಎಂದು ನಾವು ಹೇಳುತ್ತೇವೆ. ಪಂಕ್ತಿಯನ್ನು ಒಮ್ಮೆ ನಿಶ್ಚಯಿಸಿ ಕೈತೊಳೆದುಕೊಳ್ಳುವ ಶಾಸನಗಳಿಗೆ ಈ ಮೂರನೆಯ ಸ್ಥಿತಿಯನ್ನು ಹಿಡಿಯುವ ಶಕ್ತಿಯಿಲ್ಲ.

ಇನ್ನು ಆರಂಭದಲ್ಲಿ ಸೂಚಿಸಿದ ಭವಿಷ್ಯನಿಧಿಯ ವಿಷಯ. ನೌಕರರ ಭವಿಷ್ಯನಿಧಿ ಸಂಸ್ಥೆಯು 2015ರ ಆಗಸ್ಟಿನಿಂದ ತನಗೆ ಹೊಸದಾಗಿ ಬರುವ ಹಣದ ನೂರಕ್ಕೆ 5 ಭಾಗವನ್ನು ಇ.ಟಿ.ಎಫ್.ಗಳಲ್ಲಿ ಹೂಡತೊಡಗಿತು. 2016ರಲ್ಲಿ ಅದು 10ಕ್ಕೂ, 2017ರಲ್ಲಿ 15ಕ್ಕೂ ಏರಿತು. ನಿಫ್ಟಿ, ಸೆನ್ಸೆಕ್ಸುಗಳ ಸಾದಾ ನಿಧಿಗಳೂ, ಸಾರ್ವಜನಿಕ ಉದ್ಯಮಗಳ ನಿಧಿಗಳೂ ಇದರಲ್ಲಿ ಸೇರಿವೆ. ನಮ್ಮ ಮೇಲಿನ ವಿಂಗಡಣೆಯಂತೆ ಎಲ್ಲವೂ ಸರಳದ ಪಂಕ್ತಿಯವೇ. ಬೀದರದ ಕೊಳಾರ ಕೈಗಾರಿಕಾ ಪ್ರದೇಶದ ಕಾರ್ಮಿಕನಾಗಲಿ, ಭಾಲ್ಕಿಯ ಖಾಸಗಿ ಶಾಲೆಯ ಶಿಕ್ಷಕಿಯಾಗಲಿ, ಕಾಯ್ದೆಯ ವ್ಯಾಪ್ತಿಗೆ ಬರುವವರಾದರೆ, ಈ ಹಗೇವಿಗೆ ಪ್ರತಿ ತಿಂಗಳೂ ಕಾಳು ಹಾಕುತ್ತಿದ್ದಾರೆ. ಆದರೆ ಅವರ ಪಾಸುಪುಸ್ತಕದಲ್ಲಿ ಯೂನಿಟ್ಟುಗಳ ಲೆಕ್ಕವಿಲ್ಲ; ವರ್ಷಕ್ಕೊಮ್ಮೆ ಘೋಷಿತವಾಗುವ ಬಡ್ಡಿಯೊಂದೇ ಕಾಣುತ್ತದೆ, 2023–24ಕ್ಕೂ 2024–25ಕ್ಕೂ ಅದು ನೂರಕ್ಕೆ 8.25. ಯುರೋಪಿನ ನಿಯಮವಾಗಲಿ, ನಮ್ಮ ಅಪಾಯಮಾಪಕವಾಗಲಿ, ಕೊಳ್ಳುವವನು ಅಂಗಡಿಯ ಮುಂದೆ ನಿಂತಾಗ ಅವನಿಗೆ ಏನು ಹೇಳಬೇಕೆಂಬುದನ್ನು ಕುರಿತದ್ದು. ಈ ಶಿಕ್ಷಕಿಯು ಯಾವ ಅಂಗಡಿಯ ಮುಂದೆಯೂ ನಿಲ್ಲಲಿಲ್ಲ. ಅವಳ ಪರವಾಗಿ ಕೊಂಡವರಿಗೆ ವಸ್ತುವು ಸರಳವೇ ಆಗಿದ್ದಿತು. ಹೀಗಾಗಿ ಅವಳ ಮಟ್ಟಿಗೆ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಯೇ ಬರಲಿಲ್ಲ.